ಆದಪ್ಪನ ತೀರದ ಮುಯ್ಯಿ

ನನ್ನ ತಮ್ಮ ಆದಪ್ಪನನ್ನು ಯಾರಾದರೂ ಸೋಮಾರಿ ಅಂದರೆ ನಾನು ಅವರ ಜೊತೆ ಜಗಳಕ್ಕೇ ನಿಲ್ಲುತ್ತೇನೆ. ಸೋಮಾರಿಯಾಗಿದ್ದರೆ ಕಥೆ ಸಲೀಸಿತ್ತು. ಬಾಯಿಗೆ ಬಂದಂತೆ ಬೈದು, ಅವನ ಪಾಡಿಗೆ ಅವನನ್ನು ಬಿಟ್ಟು, ನಾನು ನನ್ನ ಮನೆಯ ಬದುಕು ನೋಡಿಕೊಳ್ಳಬಹುದಿತ್ತು. ಅವನು ಕೆಟ್ಟದ್ದು ತನ್ನ ಒಳ್ಳೆಯ ಗುಣದಿಂದಲೇ. ನನಗೆ ತಲೆ ಕೆಟ್ಟಿರುವುದು ಅದಕ್ಕೇ.

ನಾನು ಅಮರಮ್ಮ, ಪಾಮನಕಲ್ಲೂರಿನ ಅಂಗನವಾಡಿ ಟೀಚರ್. ಹುಟ್ಟಿದ್ದೂ ಇದೇ ಊರಲ್ಲಿ, ಕೊಟ್ಟದ್ದೂ ಇದೇ ಊರಿಗೆ, ಸೋದರಮಾವನಿಗೆ. ತವರಿಗೂ ಗಂಡನ ಮನೆಗೂ ನಡುವೆ ಇರುವುದು ಒಂದು ಸಣ್ಣ ಓಣಿ. ಆದಪ್ಪನ ಮನೆಯಲ್ಲಿ ಒಲೆ ಹೊತ್ತಿತೋ ಇಲ್ಲವೋ, ಗಂಡ ಹೆಂಡತಿ ಮಾತಾಡಿದರೋ ಇಲ್ಲವೋ, ಎಲ್ಲವೂ ನನ್ನ ಅಂಗಳದಲ್ಲಿ ನಿಂತರೇ ತಿಳಿಯುತ್ತದೆ. ತಿಳಿದ ಮೇಲೆ ಸುಮ್ಮನಿರುವ ಜಾಯಮಾನ ನನ್ನದಲ್ಲ.

ನಮ್ಮದು ಮಳೆ ನಂಬಿದ ಎರೆ ಭೂಮಿ. ಕಾಲುವೆ ನೀರು, ಭತ್ತ, ರೈಸ್ ಮಿಲ್ಲು ಎಲ್ಲ ಸಿಂಧನೂರಿನ ಕಡೆಗೆ. ಕೂಲಿಯವರೂ ಹೊತ್ತು ಮೂಡುವ ಮೊದಲೇ ಟಂಟಂ ಹತ್ತಿ ಆ ಕಡೆಗೇ ಹೋಗುತ್ತಾರೆ. ಹಾಗಾಗಿ ನಮ್ಮ ಓಣಿಯ ಕೆಲವು ಮನೆಗಳಲ್ಲಿ ಇನ್ನೂ ಮುಯ್ಯಾಳು ಪದ್ಧತಿ ಉಳಿದಿದೆ. ಇವತ್ತು ನಾನು ನಿನ್ನ ಹೊಲಕ್ಕೆ ಬಂದರೆ ನಾಳೆ ನೀನು ನನ್ನ ಹೊಲಕ್ಕೆ ಬರಬೇಕು. ದುಡ್ಡಿನ ಮಾತಿಲ್ಲ. ದುಡಿತಕ್ಕೆ ದುಡಿತ. ಅದನ್ನು ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಸರಿಗೆ ಸರಿಯಾದ ಮೇಲೆ, ದುಡಿಸಿಕೊಂಡವರು "ಮುಯ್ಯಿ ಮುಟ್ಟಿತು" ಎಂದು ಬಾಯಿಬಿಟ್ಟು ಹೇಳುತ್ತಾರೆ, ಮುಗಿಯಿತು.

ಈ ಮುಯ್ಯಿಯಲ್ಲಿ ಆದಪ್ಪನನ್ನು ಮೀರಿಸುವವರು ಇರಲಿಲ್ಲ. ಮಾತಿನಲ್ಲಿ ಅವನು ಯಾವಾಗಲೂ ಹಿಂದೆ. ಮದುವೆ ಮಾತುಕತೆಯಿರಲಿ, ಪಂಚಾಯ್ತಿಯಿರಲಿ, ಎಲ್ಲರ ಬೆನ್ನ ಹಿಂದೆ ಕುಳಿತು ಟವೆಲಿನ ಅಂಚು ಎಳೆಯುತ್ತಿರುತ್ತಿದ್ದ. ಆದರೆ ಹೊಲದಲ್ಲಿ ಅಂಚಿನ ಸಾಲು ಅವನದೇ. ಅವನು ಮುಂದೆ ಹೊರಟರೆ ಉಳಿದವರು ಸೊಂಟ ನೆಟ್ಟಗೆ ಮಾಡಲೂ ನಾಚಿಕೊಳ್ಳಬೇಕು, ಹಾಗೆ ನಡೆಯುತ್ತಿದ್ದ. ತನ್ನ ಮದುವೆಯ ಅರಿಷಿಣದ ದಿನ ಬೆಳಿಗ್ಗೆ ಮದುಮಗನೇ ಕಾಣೆ. ನರಸಣ್ಣ ಕಾಕಾ ಹಿಂದಿನ ವಾರ ಕರೆದಿದ್ದರಂತೆ, ಅವರ ಹೊಲದಲ್ಲಿ ಕಡಲೆ ಕೀಳುತ್ತ ಕೂತಿದ್ದ! ನಾನು ಅರಿಷಿಣದ ತಟ್ಟೆ ಹಿಡಿದು ಬದುವಿನವರೆಗೆ ಹೋಗಿ, ಅಲ್ಲೇ ಅವನ ಮೋರೆಗೆ ಬಳಿದು, ಕೈ ಹಿಡಿದು ಎಳೆದುಕೊಂಡು ಬಂದೆ. ಮಸ್ಕಿಯಿಂದ ಬಂದಿದ್ದ ಬೀಗರು ನಕ್ಕಿದ್ದೇ ನಕ್ಕಿದ್ದು. ಮದುಮಗಳು ಗಂಗಾ ಮಾತ್ರ ನಗಲಿಲ್ಲ. "ಮಾತ ಕೊಟ್ರ ಉಳಿಸ್ಕೋತಾನಲ್ಲ ಯಕ್ಕಾ, ಅಷ್ಟ ಸಾಕು," ಅಂದಿದ್ದಳು.

ಹೋದ ವರ್ಷಕ್ಕಿಂತ ಹಿಂದಿನ ಸುಗ್ಗಿಯಲ್ಲಿ ಅವನು ಮೇವಿನ ಬಣವಿ ಒಟ್ಟುವಾಗ ಮೇಲಿಂದ ಜಾರಿ ಬಿದ್ದು ಕಾಲು ಮುರಿದುಕೊಂಡ. ಸಿಂಧನೂರಿನ ಆಸ್ಪತ್ರೆಗೆ ಸೇರಿಸಿದೆವು. ಪಕ್ಕದ ಮಂಚದಲ್ಲಿ ಒಬ್ಬ ಮುದುಕರಿದ್ದರು. ಅವರನ್ನು ನೋಡಿಕೊಳ್ಳಲು ಮಗ ಇಶ್ತಿಯಾಕ್ ಬಂದು ಕೂರುತ್ತಿದ್ದ. ಬಸ್‌ಸ್ಟ್ಯಾಂಡಿನ ಹತ್ತಿರ ಆಟೋ ಸೀಟು ಹೊಲಿಯುವ ಅಂಗಡಿಯಿತ್ತು ಅವನದು. ಒಳ್ಳೆಯ ಹುಡುಗ. ತಮ್ಮಪ್ಪನಿಗೆ ಚಹಾ ತಂದರೆ ಆದಪ್ಪನಿಗೂ ಒಂದು ಕಪ್ಪು ತರುತ್ತಿದ್ದ. ಕಾಲು ಕಟ್ಟಿಸಿಕೊಂಡು ಸೂರು ನೋಡುತ್ತ ಮಲಗಿದ್ದ ನನ್ನ ತಮ್ಮನನ್ನು ನೋಡಿ ಮರುಕಪಟ್ಟು, ಅವನ ಫೋನಿಗೆ ಒಂದು ಗೇಮ್ ಹಾಕಿಕೊಟ್ಟ.

ನಾಲ್ಕು ಜನರದೊಂದು ಗುಂಪು. ವಿಮಾನದಿಂದ ಒಂದು ನಡುಗಡ್ಡೆಗೆ ಹಾರುತ್ತಾರೆ, ಬಂದೂಕು ಹುಡುಕುತ್ತಾರೆ, ಬೇರೆ ಗುಂಪಿನವರ ಜೊತೆ ಹೊಡೆದಾಡುತ್ತಾರೆ. ಗುಂಡು ಬಿದ್ದವನು ಕೂಡಲೇ ಸಾಯುವುದಿಲ್ಲ, ಮೊಣಕಾಲೂರಿ ತೆವಳುತ್ತಿರುತ್ತಾನೆ. ಗೆಳೆಯ ಬಂದು ಎಬ್ಬಿಸಿದರೆ ಬದುಕಿದ, ಇಲ್ಲದಿದ್ದರೆ ಹೋದ. ಮೊದಲ ಆಟದಲ್ಲಿ ಆದಪ್ಪ ಇಳಿದ ಕೂಡಲೇ ಬಿದ್ದ. ಎಲ್ಲೋ ದೂರ ಸುರಕ್ಷಿತವಾಗಿದ್ದ ಇಶ್ತಿಯಾಕ್ ಅವನನ್ನು ಎಬ್ಬಿಸಲು ಓಡಿ ಬಂದು, ಎಬ್ಬಿಸಿ, ತಾನು ಗುಂಡು ತಿಂದು ಸತ್ತ.

ಇಬ್ಬರೂ ಅಕ್ಕಪಕ್ಕದಲ್ಲೇ ಕೂತು ನಗುತ್ತಿದ್ದರು. ಆದರೆ ನಾನು ಸಂಜೆ ಬುತ್ತಿ ತೆಗೆದುಕೊಂಡು ಹೋದಾಗ ಆದಪ್ಪ ಹೇಳಿದ ಮಾತು ಬೇರೆ. "ನನ್ನ ಎಬ್ಬಿಸಾಕ ಬಂದು ತಾ ಸತ್ತ ಅಕ್ಕಾ. ಗುರ್ತಿಲ್ಲ, ಪರಿಚಯಿಲ್ಲ, ನನ್ನ ಸಲುವಾಗಿ ಬಂದ."

"ಆಟ ಅಲ್ಲೇನ್ಲೇ ಅದು?" ಅಂದೆ.

"ಆಟಾನ. ಆದ್ರೂ ಬಂದ್ನಲ್ಲ," ಅಂದ. ಅವನ ಮುಖ ನೋಡಿದಾಗಲೇ ನನಗೆ ತಿಳಿಯಬೇಕಿತ್ತು, ಇವನು ಇದನ್ನು ಮುಯ್ಯಿ ಎಂದುಕೊಂಡುಬಿಟ್ಟ ಅಂತ.

ಕಾಲಿನ ಕಟ್ಟು ಬಿಚ್ಚಿದರು, ಅವನು ನಡೆದಾಡತೊಡಗಿದ. ಆಟ ಬಿಡಲಿಲ್ಲ. ಉಂಡ ಕೈ ಒಣಗುವ ಮೊದಲೇ ಫೋನು. ಎತ್ತಿಗೆ ನೀರು ಕುಡಿಸಲು ಹೋದವನು ತೊಟ್ಟಿಯ ಕಟ್ಟೆ ಮೇಲೆ ಕೂತು, ಎತ್ತು ನೀರು ಕುಡಿದು, ನಿಂತು, ಬೇಜಾರಾಗಿ ತಾನೇ ಮನೆಗೆ ಬಂದರೂ ಇವನು ಅಲ್ಲೇ. ಗಂಗಾ ಬಾಗಿಲಲ್ಲಿ ನಿಂತು ಕೂಗಿದರೆ "ಬಂದೆ, ಮ್ಯಾಚ್ ನಡದೈತಿ" ಎಂಬ ಒಂದೇ ಉತ್ತರ. ಮ್ಯಾಚ್ ನಡುವೆ ಏಳಲೇಬಾರದಂತೆ. ಎದ್ದರೆ ಉಳಿದ ಮೂವರು ಸಾಯುತ್ತಾರಂತೆ. ಇಲ್ಲಿ ಹೆಂಡತಿ ಸತ್ತರೂ ಪರವಾಗಿಲ್ಲ!

ಒಂದು ದಿನ ಮಧ್ಯಾಹ್ನ ನನ್ನ ತಾಳ್ಮೆ ಹೋಯಿತು. "ಏನ್ ಐತಿ ಅದರಾಗ? ಕೊಡಿಲ್ಲಿ," ಎಂದು ಫೋನು ಕಸಿದುಕೊಂಡೆ. ನನಗೂ ಫೋನು ಹೊಸದೇನಲ್ಲ. ಇಲಾಖೆಯವರು ಕೊಟ್ಟದ್ದರಲ್ಲಿ ಕೂಸುಗಳ ತೂಕ, ಎತ್ತರ ಎಲ್ಲ ನಾನೇ ತುಂಬುವುದು. ಎರಡು ಹೆಬ್ಬೆರಳಿನಲ್ಲಿ ಹೇಗೆ ನಡೆಸಬೇಕು ಅಂತ ಅವನು ತೋರಿಸಿದ. ಒಲೆಯ ಮೇಲೆ ಅನ್ನಕ್ಕಿಟ್ಟು ಕೂತೆ. ನಾಲ್ಕು ಹೆಜ್ಜೆ ಇಡುವುದರೊಳಗೆ ಯಾರೋ ಗುಂಡು ಹೊಡೆದರು, ಬಿದ್ದೆ. "ಹಾಳಾಗಿ ಹೋಗ್ಲಿ" ಎಂದು ಫೋನು ಕೆಳಗಿಡಬೇಕು, ಅಷ್ಟರಲ್ಲಿ ಯಾರೋ ಗೋಡೆ ಹಾರಿ ಓಡಿ ಬಂದ. ಪಕ್ಕದಲ್ಲಿ ಕೂತು ನನ್ನನ್ನು ಎಬ್ಬಿಸತೊಡಗಿದ. "ಉಠೋ ಭಾಯ್, ಉಠೋ," ಎಂಬ ದನಿ. ಯಾವ ಊರಿನವನೋ, ಯಾರ ಮಗನೋ. ಖರೇ ಹೇಳುತ್ತೇನೆ, ನನ್ನ ಎದೆ ಝಲ್ಲೆಂದಿತು. ಎದ್ದೆ. ಅವನು ಮುಂದೆ ಓಡಿದ, ನಾನು ಹಿಂದೆ ಓಡಿದೆ. ಆಮೇಲೆ ಅವನು ಬಿದ್ದ. ಬಿಟ್ಟು ಹೋಗುವುದು ಹೇಗೆ? ಎಬ್ಬಿಸಲು ಹೋದೆ, ಇಬ್ಬರೂ ಸತ್ತೆವು. ಛೇ, ಇನ್ನೊಂದು ಸ್ವಲ್ಪ ಎಡಕ್ಕೆ ಸರಿದಿದ್ದರೆ ಉಳಿಯುತ್ತಿದ್ದೆವು ಅನ್ನಿಸಿತು. ಇನ್ನೊಂದು ಸಲ ಒತ್ತಿದೆ. ಮೂಗಿಗೆ ವಾಸನೆ ಬಡಿದಾಗ ಅನ್ನ ಸೀದು ತಳ ಕರ್ರಗಾಗಿತ್ತು.

"ಗೊತ್ತಾತಿಲ್ಲೋ ಈಗ?" ಎಂದು ಆದಪ್ಪ ನಕ್ಕ. ನನಗೆ ಮೈ ಉರಿಯಿತು. ಗೊತ್ತಾಗಿತ್ತು, ಅದಕ್ಕೇ ಉರಿಯಿತು. ಗೆದ್ದರೆ ಇನ್ನೊಂದು ಗೆಲ್ಲೋಣ ಅನಿಸುತ್ತದೆ, ಸೋತರೆ ಸ್ವಲ್ಪದರಲ್ಲಿ ತಪ್ಪಿತು ಅನಿಸುತ್ತದೆ. ಏಳೋಣ ಅಂದರೆ ಮೂವರು ಕಾಯುತ್ತಿರುತ್ತಾರೆ. ಊರಲ್ಲಿ ಹಿಂದೆ ಕೂತು ಟವೆಲು ಎಳೆಯುವವನನ್ನು ಅಲ್ಲಿ "ಆದಪ್ಪ ಭಾಯ್, ಎಲ್ಲಿ ಹೋಗೋಣ?" ಎಂದು ಕೇಳುತ್ತಾರೆ.

ಅವನನ್ನು ಕೂರಿಸಿ ಬುದ್ಧಿ ಹೇಳಿದೆ. "ತಮ್ಮಾ, ನಮ್ಮ ಮುಯ್ಯಿಗೊಂದು ಕೊನಿ ಐತಿ. ರಾಶಿ ಆತು, ಕಡಲಿ ಮನಿಗೆ ಬಂತು, ಮುಯ್ಯಿ ಮುಟ್ಟಿತು. ಇದಕ್ಕೆಲ್ಲೈತಿ ಕೊನಿ?"

"ಸೀಜನ್ ಮುಗೀತೈತಕ್ಕಾ."

"ಮುಗದ ಮ್ಯಾಲೆ?"

"ಹೊಸ ಸೀಜನ್ ಬರ್ತೈತಿ. ಗಳಿಸಿದ ರ್ಯಾಂಕ್ ಇಳಸ್ತಾರ. ಮತ್ತ ಏರಬೇಕು."

"ಅಂದ್ರ ನೀ ರಾಶಿ ಮಾಡಿದ್ದನ್ನ ಅವ್ರು ಒಯ್ದು ಮತ್ತ ಹೊಲಕ್ಕ ಚೆಲ್ತಾರ, ನೀ ಮತ್ತ ಆರಸ್ತಿ. ಥೂ ನಿನ್ನ!" ಅಂದೆ. ಅವನು ತಲೆ ತಗ್ಗಿಸಿದ. ಅವನ ಕೈಯಲ್ಲಿ ಫೋನು ಕುಂಯ್ ಅಂದಿತು. ಗುಂಪಿನವರು ಕರೆಯುತ್ತಿದ್ದರು.

ಈ ವರ್ಷದ ಹಿಂಗಾರಿನಲ್ಲಿ ಮೊದಲು ಬಲಿತದ್ದು ನರಸಣ್ಣ ಕಾಕಾರ ಕಡಲೆ. ನಮ್ಮ ಓಣಿಯ ಮುಯ್ಯಿಗೆಲ್ಲ ಅವರೇ ಹಿರಿಯರು. ಒಣಗಿದ ಕಡಲೆಯನ್ನು ಬೆಳಗಿನ ಇಬ್ಬನಿಯಲ್ಲೇ ಕೀಳಬೇಕು. ಬಿಸಿಲೇರಿದರೆ ಕಾಯಿ ಗಿಡ ಬಿಟ್ಟು ನೆಲಕ್ಕುದುರುತ್ತವೆ. ಗಿಡದ ಹುಳಿಗೆ ಅಂಗೈ ಉರಿದರೂ ತಡೆದು, ತಂಪು ಇರುವಷ್ಟರಲ್ಲಿ ಎಷ್ಟಾಯಿತೋ ಅಷ್ಟು. ಆ ಹೊತ್ತಿಗೆ ತುಂಬ ಕೈ ಬೇಕು. ಆದಪ್ಪ, ಗಂಗಾ, ನಾನು ಎಲ್ಲರೂ ಹೋದೆವು. ಸ್ವಲ್ಪ ಹೊತ್ತಿಗೆ ಅಂಚಿನ ಸಾಲು ಖಾಲಿ. ನೋಡಿದರೆ ಇವನು ಬದುವಿನ ಜಾಲಿ ಗಿಡದ ಮರೆಗೆ ಕೂತು ಹೆಬ್ಬೆರಳು ಕುಣಿಸುತ್ತಿದ್ದಾನೆ. ಎಲ್ಲರೂ ನೋಡಿದರು. ಯಾರೂ ಏನೂ ಅನ್ನಲಿಲ್ಲ. ಮರುದಿನ "ನೀ ನಡಿ, ನಾ ಬಂದೆ" ಎಂದು ಗಂಗಾಳನ್ನು ಮುಂದೆ ಕಳಿಸಿದವನು ಬರಲೇ ಇಲ್ಲ. ಗಂಗಾ ಎರಡು ಸಾಲು ಹಿಡಿದಳು. ಒಂದು ಕೈಯಿಂದ ಇತ್ತ, ಒಂದು ಕೈಯಿಂದ ಅತ್ತ, ಗಂಡನ ಪಾಲಿನದೂ ಕೀಳುತ್ತ ಬಂದಳು. ಬೆವರೋ ಕಣ್ಣೀರೋ, ಸೆರಗಿನಿಂದ ಒರೆಸಿಕೊಳ್ಳುತ್ತಲೇ ಇದ್ದಳು.

ಮುಯ್ಯಿ ಮುರಿದವರನ್ನು ನಮ್ಮಲ್ಲಿ ಬೈಯುವುದಿಲ್ಲ. ಕರೆಯುವುದನ್ನು ಬಿಡುತ್ತಾರೆ. ಎದುರಿಗೆ ಸಿಕ್ಕರೆ ನಗುತ್ತಾರೆ, ಊಟಕ್ಕೆ ಹೇಳುತ್ತಾರೆ, ಎತ್ತಿನ ಆರೋಗ್ಯ ವಿಚಾರಿಸುತ್ತಾರೆ. ಹೊಲಕ್ಕೆ ಮಾತ್ರ ಕರೆಯುವುದಿಲ್ಲ. ಬೈಗುಳವಾದರೆ ಒಂದು ದಿನಕ್ಕೆ ಮುಗಿಯುತ್ತದೆ. ಇದು ಮುಗಿಯುವುದಿಲ್ಲ.

ಆಮೇಲೆ ಬಲಿತದ್ದು ಆದಪ್ಪನದೇ ಕಡಲೆ. ಗಂಗಾ ಮನೆಮನೆಗೆ ಹೋದಳು. ಒಬ್ಬರಿಗೆ ಲಿಂಗಸುಗೂರಿನಲ್ಲಿ ಆಫೀಸಿನ ಕೆಲಸ, ಒಬ್ಬರ ಮನೆಗೆ ಬೀಗರು ಬರುವವರು, ಒಬ್ಬರಿಗೆ ಸೊಂಟನೋವು. ಎಲ್ಲರೂ ಚಹಾ ಕೊಟ್ಟು ಕಳಿಸಿದರು. ನಮ್ಮ ಮನೆಗೆ ಬಂದು ಕಂಬಕ್ಕೊರಗಿ ಕೂತವಳ ಕಣ್ಣು ಕೆಂಡದಂತಿದ್ದವು.

"ಚಾ ಕುಡುದು ಕುಡುದು ಹೊಟ್ಟಿ ಉಬ್ಬೇತಿ ಯಕ್ಕಾ. ಒಬ್ರರ ಬರ್ತೀನಿ ಅನಲಿಲ್ಲ. ಮೋಡ ಬ್ಯಾರೆ ಕಟ್ಟಾಕತ್ತೈತಿ. ಒಬ್ಬಾಕಿ ಕಿತ್ತೇನು? ಅರ್ಧ ಹೊಲ ಮಣ್ಣಪಾಲಾಗ್ತೈತಿ."

"ಅವ ಏನಂತಾನ?"

"'ನಾವಿಬ್ರ ಕೀಳೂಣು' ಅಂತಾನ. ಕುಂದ್ರತಾನ. ಫೋನ್ ಕುಂಯ್ ಅಂತೈತಿ. ಏಳ್ತಾನ." ಅಷ್ಟು ಹೇಳಿ ಅವಳು ತನ್ನ ಅಂಗೈ ನನ್ನ ಮುಂದೆ ಚಾಚಿದಳು. ಸಿಪ್ಪೆ ಎದ್ದು ಕೆಂಪಗಾಗಿತ್ತು. "ನಾ ಏನ್ ತಪ್ಪು ಮಾಡೀನಿ ಹೇಳ್ರಿ ಯಕ್ಕಾ," ಅಂದಳು.

ನಾನು ಸೀದಾ ನರಸಣ್ಣ ಕಾಕಾರ ಕಟ್ಟೆಗೆ ಹೋದೆ. "ಕಾಕಾ, ಬೈರಿ ಅವಗ. ಹೊಡೀರಿ ಬೇಕಾರ. ಹಿಂಗ ನಗ್ಯಾಡಿ ಕೊಲ್ಲಬ್ಯಾಡ್ರಿ," ಅಂದೆ.

ಅವರು ಬಹಳ ಹೊತ್ತು ತಂಬಾಕು ತಿಕ್ಕಿದರು. "ಅಮರವ್ವಾ, ಆದಪ್ಪನ ಮ್ಯಾಲೆ ನನಗ ಸಿಟ್ಟಿಲ್ಲವಾ. ಅವ ಬಂದಾನಂದ್ರ ನಾ ಹಿಂದ ತಿರುಗಿ ನೋಡ್ತಿದ್ದಿಲ್ಲ. ಈಗ ನೋಡಬೇಕಾತು," ಅಂದರು. "ನಂದು ಇನ್ನೊಂದು ಪಟ್ಟಿ ಕಡಲಿ ಉಳದೈತಿ. ನಾಡದು ಮುಂಜಾನಿ ಬರ್ಲಿ. ಫೋನ್ ಮನ್ಯಾಗಿಟ್ಟು ಬರ್ಲಿ. ಬಿಸಿಲೇರೂತನ ದುಡೀಲಿ. ಆಚಿನಾಡದು ನಾ ಎಲ್ಲಾರ್ನೂ ಕರಕೊಂಡು ಅವನ ಹೊಲಕ್ಕ ಬರ್ತೀನಿ. ಇದು ನನ್ನ ಮಾತು."

ಓಡಿ ಬಂದು ಆದಪ್ಪನಿಗೆ ಹೇಳಿದೆ. ಖುಷಿಯಿಂದ ಅವನ ಕಣ್ಣಲ್ಲಿ ನೀರೇ ಬಂತು. ಅದೇ ಕ್ಷಣ ಮುಖ ಸಣ್ಣದು ಮಾಡಿದ. "ನಾಡದು ಸೀಜನ್ ಕಡೀ ದಿನ ಅಕ್ಕಾ. ಇಶ್ತಿಯಾಕ್ ನನ್ನ ಎಷ್ಟು ಸಲ ಎಬ್ಬಿಸ್ಯಾನ. ಅಂವಗ ಕೈ ಕೊಟ್ಟಾಂಗ ಆಗ್ತೈತಿ. ಮುಯ್ಯಿ ಐತಿ ನಂದು."

ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಆದರೆ ಅವನ ಭಾಷೆಯಲ್ಲೇ ಮಾತಾಡೋಣ ಎಂದುಕೊಂಡೆ. "ನಡಿ ಹಂಗಾದ್ರ. ಸಿಂಧನೂರಿಗೆ ಹೋಗೂಣು. ಇಶ್ತಿಯಾಕ್ ತನ್ನ ಬಾಯಿಂದ 'ಮುಯ್ಯಿ ಮುಟ್ಟಿತು' ಅಂತ ಹೇಳ್ಲಿ. ಅವಾಗರ ಬಿಡ್ತೀಯೋ ಇಲ್ಲೋ?"

ಅವನು ಯೋಚಿಸಿದ. "ಅವ ಹೇಳಿದ್ರ ಬಿಡ್ತೀನಿ," ಅಂದ. ಕೊಟ್ಟ ಮಾತು ಉಳಿಸಿಕೊಳ್ಳುವವನು. ನನಗೆ ಜೀವ ಬಂತು.

ಮರುದಿನ ಅಂಗನವಾಡಿಯನ್ನು ಆಯಾಳಿಗೆ ಒಪ್ಪಿಸಿ, ಮಸ್ಕಿಯಲ್ಲಿ ಬಸ್ಸು ಬದಲಿಸಿ ಸಿಂಧನೂರಿಗೆ ಹೋದೆವು. ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಇಶ್ತಿಯಾಕನ ಅಂಗಡಿ. ಒಂದು ಆಟೋದ ಸೀಟು ಕಿತ್ತು ಮುಂದಿಟ್ಟುಕೊಂಡು ಸ್ಪಂಜು ತುಂಬುತ್ತಿದ್ದ. ನಮ್ಮನ್ನು ನೋಡಿ ಎದ್ದು ನಿಂತ, ಆದಪ್ಪನನ್ನು ತಬ್ಬಿಕೊಂಡ, ಕಾಲು ಮುಟ್ಟಿ ನೋಡಿದ, ಚಹಾಕ್ಕೆ ಹೇಳಿ ಕಳಿಸಿದ. "ಎಷ್ಟ್ ದಿನ ಆತು ಭಾಯ್ ನಿಮ್ಮನ್ನ ನೋಡಿ!" ಅಂದ.

"ನೋಡಿ ಬಹಳ ದಿನ ಆತು. ಆದ್ರ ದಿನಾ ಕೂಡೇ ಇರ್ತೀವಲ್ಲ," ಎಂದು ಆದಪ್ಪ ನಾಚಿಕೊಂಡು ನಕ್ಕ.

ಇಶ್ತಿಯಾಕನಿಗೆ ತಿಳಿಯಲಿಲ್ಲ. ನಾನೇ ಬಿಡಿಸಿ ಹೇಳಿದೆ. ಗೇಮು, ಎಬ್ಬಿಸುವುದು, ಮುಯ್ಯಿ, ಕಡಲೆ, ಎಲ್ಲ. ಸೀಟು ಹೊಲಿಯುತ್ತಲೇ ಕೇಳುತ್ತಿದ್ದವನ ಕೈಯ ದಬ್ಬಣ ನಿಂತುಬಿಟ್ಟಿತು.

"ಅಕ್ಕಾ, ನಾ ಆ ಗೇಮ್ ಬಿಟ್ಟು ವರ್ಷದ ಮ್ಯಾಲಾತು," ಅಂದ. "ನನ್ನ ಐಡಿ ಮಾರಿಬಿಟ್ಟೀನಿ. ಯಾರೋ ಆನ್‌ಲೈನ್‌ದಾಗ ತಗೊಂಡ್ರು. ಯಾರಂತ ನನಗೂ ಗೊತ್ತಿಲ್ಲ. ಹೆಸರು ಅದ ಇರ್ತೈತಿ, ಆಡಾವ ಬ್ಯಾರೆ."

ಆದಪ್ಪ ಅವನ ಮುಖವನ್ನೇ ನೋಡುತ್ತಿದ್ದ. "ನಿನ್ನ ಮೈಕ್ ಕೆಟ್ಟೈತಿ ಅಂದ್ಕೊಂಡಿದ್ದೆ. ಮಾತಾಡ್ತಿದ್ದಿಲ್ಲ ನೀನು," ಅಂದ.

"ನಾ ಅಲ್ಲ ಭಾಯ್."

"ಮತ್ತ ನಿನ್ನೆ ನನ್ನ ಎಬ್ಬಿಸಿದ್ದು ಯಾರು?"

ಚಹಾ ಬಂತು. ಇಶ್ತಿಯಾಕ್ ಅದನ್ನು ಆದಪ್ಪನ ಕೈಗಿಟ್ಟು, ತಾನು ಬಿಟ್ಟ ಕಥೆ ಹೇಳಿದ. ಅವನ ತಾಯಿ ಚಾಂದ್‌ಬೀ ದಿನವೂ ತಟ್ಟೆ ಹಿಡಿದು "ಬೇಟಾ, ಬೇಟಾ" ಎಂದು ಕರೆಯುತ್ತಿದ್ದಳಂತೆ, ಇವನು "ಏಕ್ ಮಿನಿಟ್" ಅನ್ನುತ್ತಿದ್ದನಂತೆ. ಒಂದು ದಿನ ಅವಳು ಆ ಊಟವನ್ನು ಅವನ ಕಣ್ಣೆದುರೇ ಮೇಕೆಯ ಮುಂದಿಟ್ಟು, "ಇದಾದ್ರೂ ಕರದ ಕೂಡ್ಲೆ ಬರ್ತೈತಿ" ಅಂದಳಂತೆ. "ಅವತ್ತ ಬಿಟ್ಟೆ. ಬಿಟ್ಟ ಮ್ಯಾಲೂ ಹೆಬ್ಬೆರಳು ತಾವ ಕುಣೀತಿದ್ವು ಅಕ್ಕಾ, ಸುಳ್ಳಲ್ಲ. ಏನ್ ಮಾಡಿದ್ರೂ ಲಕ್ಷ್ಯ ಅಲ್ಲೇ. ಬಿಡಬಾರ್ದು ಅಂತನ ಹಂಗ ಮಾಡಿಟ್ಟಾರ ಅದನ್ನ. ದಿನಾ ಬಂದ್ರ ಬಹುಮಾನ, ಬರ್ಲಿಲ್ಲಂದ್ರ ಇಳಸ್ತಾರ. ಮಂದಿ ಕಮ್ಮಿ ಬಿದ್ರ ಮಷೀನಿಗೆ ಮನಷ್ಯಾರ ಹೆಸರಿಟ್ಟು ಆಡಾಕ ಬಿಡ್ತಾರ. ನಾವು ದೋಸ್ತಿ ಅಂತೀವಿ. ಅವ್ರಿಗೆ ಅದು ಧಂದಾ."

ನನಗೆ ಬೇಕಾದ್ದು ಒಂದೇ ಮಾತು. "ಇಶ್ತಿಯಾಕಾ, ಇವನಿಗೆ ಬಾಯಿಬಿಟ್ಟು ಹೇಳಪ್ಪ."

ಅವನು ಆದಪ್ಪನ ಎರಡೂ ಕೈ ಹಿಡಿದ. "ನನ್ನ ಮುಯ್ಯಿ ಮುಟ್ಟಿತು ಅಣ್ಣಾ. ಯಾವಾಗೋ ಮುಟ್ಟೇತಿ. ನಿಮ್ಮ ಹೊಲ ನೋಡ್ಕೋರಿ."

ಬಸ್ಸಿನಲ್ಲಿ ಆದಪ್ಪ ಕಿಟಕಿಗೆ ಹಣೆ ಹಚ್ಚಿ ಕೂತ. ಕಿಟಕಿಯಾಚೆ ಕಾಲುವೆ, ಹಸಿರು ಗದ್ದೆ, ಆಮೇಲೆ ನಮ್ಮ ಕಡೆಯ ಕಪ್ಪು ಹೊಲಗಳು. ನಾನು ಮಾತ್ರ ಒಳಗೊಳಗೇ ಹಿಗ್ಗಿದ್ದೆ. ಯಾರೂ ಇಲ್ಲದ ಜಾಗಕ್ಕೆ ಮುಯ್ಯಿ ಎಲ್ಲಿಯದು? ಇನ್ನು ಬಿಟ್ಟ ಹಾಗೇ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅವನು ಫೋನನ್ನು ದೇವರ ಜಗುಲಿಯ ಮೇಲಿಟ್ಟು, ಗಂಗಾಳಿಗಿಂತ ಮೊದಲೇ ನರಸಣ್ಣ ಕಾಕಾರ ಹೊಲದಲ್ಲಿದ್ದ. ಏನು ಕಿತ್ತ ಅಂತೀರಿ! ಅಂಚಿನ ಸಾಲು ಹಿಡಿದು ಬಗ್ಗಿದವನು ತಲೆ ಎತ್ತಲಿಲ್ಲ. ಅವನ ಹಿಂದೆ ಕಡಲೆಯ ಕುಪ್ಪೆಗಳು ಸಾಲಾಗಿ ಬೀಳುತ್ತ ಹೋದವು. ಯಾರೋ ಹಾಡು ಶುರುಮಾಡಿದರು. ಎಷ್ಟೋ ದಿನಗಳ ಮೇಲೆ ಗಂಗಾ ನಕ್ಕಳು. ಬಿಸಿಲೇರಿದಾಗ ನರಸಣ್ಣ ಕಾಕಾ ಆದಪ್ಪನ ಬೆನ್ನು ತಟ್ಟಿ, "ಮುಯ್ಯಿ ಮುಟ್ಟಿತಪ್ಪ. ನಾಳಿ ನಿನ್ನ ಹೊಲದಾಗ ಭೆಟ್ಟಿ," ಅಂದರು.

ಆ ನಾಳೆಯೂ ಬಂತು. ಇಬ್ಬನಿ ದಟ್ಟವಾಗಿ ಬಿದ್ದಿತ್ತು, ಕೀಳಲು ಹೇಳಿ ಮಾಡಿಸಿದ ಹೊತ್ತು. ನರಸಣ್ಣ ಕಾಕಾ ಮಾತು ಉಳಿಸಿಕೊಂಡಿದ್ದರು. ಬೀಗರು ಬರುವವರಿದ್ದ ಮನೆಯವರೂ ಬಂದಿದ್ದರು, ಸೊಂಟನೋವಿನವರೂ ಬಂದಿದ್ದರು. ಎಲ್ಲರೂ ಕೈಗೆ ಬಟ್ಟೆ ಸುತ್ತಿಕೊಂಡು ಬದುವಿನ ಮೇಲೆ ನಿಂತಿದ್ದರು. ನಿಂತೇ ಇದ್ದರು. ಹೊಲದ ಒಡೆಯ ಮೊದಲ ಗಿಡ ಕಿತ್ತು ಭೂಮಿತಾಯಿಗೆ ಕೈಮುಗಿಯದೆ ಮುಯ್ಯಾಳು ಸಾಲಿಗೆ ಇಳಿಯುವುದಿಲ್ಲ. ಒಡೆಯ ಎಲ್ಲಿ?

"ಹಿಂದಿನಿಂದ ಬರ್ತೀನಿ ಅಂದಾರ," ಎಂದಳು ಗಂಗಾ. ಅವಳ ದನಿ ಅಷ್ಟರಲ್ಲೇ ಇಳಿದಿತ್ತು.

ನಾನು ಮನೆಗೆ ಓಡಿದೆ. ಆದಪ್ಪ ದೇವರ ಜಗುಲಿಯ ಕೆಳಗೇ, ಗೋಡೆಗೊರಗಿ, ಕಾಲು ಚಾಚಿ ಕೂತಿದ್ದ. ಎರಡೂ ಹೆಬ್ಬೆರಳು ಓಡುತ್ತಿದ್ದವು.

"ಲೇ! ಹೊಲದಾಗ ಮಂದಿ ನಿಂತಾರೋ!"

"ಆತು ಅಕ್ಕಾ, ಆತು, ಇದೊಂದ..."

"ಯಾರದಾರಲೇ ಅದರಾಗ? ಇಶ್ತಿಯಾಕ್ ಇಲ್ಲಂತ ನಿನ್ನ ಕಣ್ಣೆದುರಿಗೇ ಹೇಳ್ಲಿಲ್ಲೇನು? ಯಾರಿಗ್ ಮುಯ್ಯಿ ತೀರಸಾಕತ್ತಿ?"

ಅವನು ತಲೆ ಎತ್ತಿದ. ಕುಡಿದವನ ಕಣ್ಣಲ್ಲ, ಕಳ್ಳನ ಕಣ್ಣಲ್ಲ. ತಪ್ಪು ಮಾಡಬಾರದೆಂದು ಒದ್ದಾಡುವವನ ಕಣ್ಣು. "ಯಾರಂತ ಗೊತ್ತಿಲ್ಲಕ್ಕಾ. ಆದ್ರ ಮೊನ್ನಿತನ ನನ್ನ ಎಬ್ಬಿಸ್ಯಾರ. ನಿನ್ನೆ ಕಡೀ ದಿನ ನಾ ಹೋಗ್ಲಿಲ್ಲ, ನಾನಿಲ್ದ ಸೋತಾರ, ರ್ಯಾಂಕ್ ಹೋಗೇತಿ. ಯಾರಾದ್ರೇನು? ನಿನ್ನೆ ಕೈ ಕೊಟ್ಟೀನಿ. ಇವತ್ತರ ಹೋಗಬೇಕಲ್ಲ?"

ಏನು ಹೇಳಲಿ ಇವನಿಗೆ? ನಿಯತ್ತು ಬಿಡು ಅನ್ನಲೇ? ಊರಿಗೆಲ್ಲ ನಿಯತ್ತು ಕಲಿಸಿದ ಮುಯ್ಯಿಯನ್ನೇ ಹಿಡಿದು ಇವನನ್ನು ಕಟ್ಟಿಹಾಕಿದ್ದಾರಲ್ಲ, ಅವರ ಮನೆ ಹಾಳಾಗ! ಫೋನು ಕಿತ್ತುಕೊಂಡು ಅಂಗಳಕ್ಕೆ ಎಸೆದೆ. ಅವನು ನನ್ನ ಕಡೆ ನೋಡದೆ ಫೋನಿನ ಕಡೆ ಓಡಿದ. ನಾನು ಹೊಲದ ಕಡೆ ಓಡಿದೆ.

ಅಷ್ಟರಲ್ಲಿ ಸೂರ್ಯ ಬದು ಏರಿದ್ದ. ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಬಟ್ಟೆ ಸುತ್ತಿದ್ದ ಒಬ್ಬಾಕೆ ಅದನ್ನು ಬಿಚ್ಚುತ್ತಿದ್ದಳು. ನಾನು ಒಬ್ಬಳೇ ಬಂದದ್ದನ್ನು ಗಂಗಾ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಅಂಚಿನ ಸಾಲಿಗೆ ನಡೆದಳು, ಮೊದಲ ಗಿಡ ಕಿತ್ತು ಭೂಮಿಗೆ ಕೈಮುಗಿದಳು. ಹೆಂಗಸು ಮೊದಲ ಗಿಡ ಕಿತ್ತದ್ದನ್ನು ನಮ್ಮ ಓಣಿ ನೋಡಿದ್ದು ಅದೇ ಮೊದಲು. ನರಸಣ್ಣ ಕಾಕಾ ತಾವೂ ಭೂಮಿಗೆ ಕೈಮುಗಿದರು. ಆಮೇಲೆ "ಇಳೀರಿ," ಅಂದರು. ಎಲ್ಲರೂ ಇಳಿದರು. ಒಂದಿಷ್ಟು ಕಾಯಿ ಉದುರಿದವು, ಉಳಿದ ಕಡಲೆ ಕುಪ್ಪೆಯಾಯಿತು. ಆದಪ್ಪ ಬಂದಾಗ ಕೊನೆಯ ಸಾಲು ಮುಗಿದಿತ್ತು. ಯಾರೂ ಬೈಯಲಿಲ್ಲ. "ಊಟ ಆತೇನಪ್ಪ?" ಎಂದು ಕೇಳಿದರು.

ಕಡಲೆ ಮನೆ ಸೇರಿ ಕೆಲವು ದಿನವಾಗಿತ್ತು. ನಾನು ಗಂಗಾಳ ಅಂಗಳದಲ್ಲಿ ಕೂತು ಬೇಳೆ ಹಸನು ಮಾಡುತ್ತಿದ್ದೆ. ಆದಪ್ಪ ಹೊಸ್ತಿಲ ಮೇಲೆ ಕೂತಿದ್ದ, ಕೈಯಲ್ಲಿ ಫೋನಿರಲಿಲ್ಲ. ಎರಡು ದಿನದಿಂದ ಹಾಗೇ ಇದ್ದ. ನಾನಂತೂ ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಆಗ ನರಸಣ್ಣ ಕಾಕಾ ಬಂದರು. ಮುಯ್ಯಿಗೆ ಕರೆಯುವಾಗ ಮನೆಯ ಗಂಡಸಿನ ಹೆಸರು ಹಿಡಿದು ಕೂಗುವುದು ವಾಡಿಕೆ. ಆದಪ್ಪ ಎದ್ದು ನಿಂತ.

"ಗಂಗವ್ವಾ," ಎಂದು ಕೂಗಿದರು ಅವರು. ಅವಳು ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬಂದಳು. "ನಾಳಿಂದ ಜೋಳ ಕೊಯ್ಯಾಕ ಹಚ್ಚೀವವಾ. ಮುಂಜಾನಿ ಬಂದುಬಿಡು."

"ಬರ್ತೀನ್ರಿ ಮಾವ," ಅಂದಳು.

ಆದಪ್ಪ ಗಂಟಲು ಸರಿಮಾಡಿಕೊಂಡ. "ಕಾಕಾ, ನಾನೂ ಬರ್ತೀನ್ರಿ."

ನರಸಣ್ಣ ಕಾಕಾ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ. ಜ್ವರ ಬಂದ ಮನುಷ್ಯನ ಹತ್ತಿರ ಮಾತಾಡುವಂಥ ಮೆತ್ತನೆಯ ದನಿಯಲ್ಲಿ, "ನಿನಗ್ಯಾಕ ತ್ರಾಸು ಬಿಡಪ್ಪ. ಪಾಪ, ನಿನ್ನ ಮಂದಿ ಕಾಯ್ತಿರ್ತಾರ," ಅಂದರು. ಚಪ್ಪಲಿ ಮೆಟ್ಟಿಕೊಂಡು ಮುಂದಿನ ಮನೆಗೆ ಹೋದರು.

ನಾನು ಬೇಳೆಯ ಮೊರ ಹಿಡಿದುಕೊಂಡೇ ಕೂತೆ. ಒಂದು ಮಾತು ಬೈದಿದ್ದರೂ ನಾನು ಆ ಮುದುಕನ ಕಾಲಿಗೆ ಬೀಳುತ್ತಿದ್ದೆ. ಆದಪ್ಪ ಅವರು ಹೋದ ದಾರಿಯನ್ನೇ ನೋಡುತ್ತ, ಅವರು ಓಣಿ ತಿರುಗುವವರೆಗೂ ನಿಂತಿದ್ದ. ಒಳಗೆ ಫೋನು ಕುಂಯ್ ಅಂದಿತು. ಗಂಗಾ ಅವನನ್ನೇ ನೋಡಿದಳು. ಅವನು ಒಳಗೆ ಹೋದ.